ವಿಕ್ಟರ್ ಗ್ರೂಯೆನ್

ವಿಕ್ಟರ್ ಗ್ರೂಯೆನ್ (18 ಜುಲೈ 1903 – 14 ಫೆಬ್ರವರಿ 1980) ಆಸ್ಟ್ರಿಯಾ ಮೂಲದ ಅಮೆರಿಕನ್ ವಾಸ್ತುಶಿಲ್ಪಿ ಹಾಗೂ ನಗರ ಯೋಜಕರು. ಸಂಪೂರ್ಣವಾಗಿ ಸೂರಿನಡಿಯಲ್ಲಿರುವ, ಹವಾನಿಯಂತ್ರಿತ ಶಾಪಿಂಗ್ ಮಾಲ್‌ನ ಜನಕರೆಂದು ಇವರು ಪ್ರಸಿದ್ಧರಾಗಿದ್ದಾರೆ. ಆದರೆ ಇವರ ಜೀವನದ ಮುಖ್ಯ ಆಶಯ ನಗರದ ಹೃದಯಭಾಗವನ್ನು ಮೋಟಾರು ವಾಹನಗಳಿಂದ ಬಿಡಿಸಿ ನಡೆಯುವವರಿಗೆ ಮರಳಿ ಕೊಡಿಸುವುದಾಗಿತ್ತು. ಅಮೆರಿಕದ ಫೋರ್ಟ್ ವರ್ತ್, ಕಲಮಝೂ ಮತ್ತು ಫ್ರೆಸ್ನೊ ನಗರಗಳಿಗೂ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾಕ್ಕೂ ಇವರು ಪಾದಚಾರಿ ಕೇಂದ್ರಗಳ ಯೋಜನೆಗಳನ್ನು ರೂಪಿಸಿದರು. ಇವರು ಕಟ್ಟಿದ ಮಾಲ್‌ಗಳು ನಗರಗಳ ಹಳೆಯ ಪೇಟೆಗಳನ್ನು ಬರಿದು ಮಾಡಿದವು. ಆ ಪೇಟೆಗಳನ್ನು ಉಳಿಸಲು ಇವರೇ ಮುಂದೆ ಹೋರಾಡಿದರು. ಇಪ್ಪತ್ತನೆಯ ಶತಮಾನದ ನಗರ ಯೋಜನೆಯ ಇತಿಹಾಸದಲ್ಲಿ ಇವರ ಹೆಸರು ಇಂದಿಗೂ ಚರ್ಚೆಗೆ ಒಳಗಾಗುವುದು ಈ ವೈರುಧ್ಯದ ಕಾರಣದಿಂದಲೇ.

ಜನನ, ಬಾಲ್ಯ ಮತ್ತು ವಿದ್ಯಾಭ್ಯಾಸ

ಗ್ರೂಯೆನ್ ಅವರು ಅಂದಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ರಾಜಧಾನಿಯಾಗಿದ್ದ ವಿಯೆನ್ನಾ ನಗರದಲ್ಲಿ ಮಧ್ಯಮ ವರ್ಗದ ಯಹೂದಿ ಕುಟುಂಬದಲ್ಲಿ ಜನಿಸಿದರು. ಇವರ ಮೊದಲ ಹೆಸರು ವಿಕ್ಟರ್ ಡೇವಿಡ್ ಗ್ರೂನ್‌ಬೌಮ್. ತಂದೆ ವಕೀಲರಾಗಿದ್ದರು. ನಗರದ ಮಧ್ಯಭಾಗದಲ್ಲಿಯೇ ಬೆಳೆದ ಬಾಲಕನಿಗೆ ನಾಟಕಶಾಲೆ, ಕಾಫಿ ಹೌಸ್, ಅಂಗಡಿ ಸಾಲು, ಚೌಕ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿದ್ದವು. ಮನೆ, ಅಂಗಡಿ, ಕಚೇರಿ, ಮನರಂಜನೆ ಇವೆಲ್ಲ ಒಂದೇ ಬೀದಿಯಲ್ಲಿ ಬೆರೆತಿದ್ದ ಈ ನಗರಜೀವನವೇ ಮುಂದೆ ಇವರ ಎಲ್ಲ ಯೋಜನೆಗಳಿಗೂ ಮಾದರಿಯಾಯಿತು.

1918ರಲ್ಲಿ ತಂದೆ ತೀರಿಕೊಂಡ ಮೇಲೆ ಕುಟುಂಬದ ಹೊಣೆ ಹದಿಹರೆಯದ ವಿಕ್ಟರ್ ಅವರ ಹೆಗಲೇರಿತು. ಕಟ್ಟಡ ನಿರ್ಮಾಣ ಸಂಸ್ಥೆಯೊಂದರಲ್ಲಿ ದುಡಿಯುತ್ತ ವೃತ್ತಿಯ ಕೆಲಸ ಕಲಿತರು. ವಿಯೆನ್ನಾದ ಲಲಿತಕಲಾ ಅಕಾಡೆಮಿಯಲ್ಲಿ ಆಧುನಿಕ ವಾಸ್ತುಶಿಲ್ಪದ ಪ್ರವರ್ತಕರಲ್ಲಿ ಒಬ್ಬರಾದ ಪೀಟರ್ ಬೆಹ್ರೆನ್ಸ್ ಅವರ ಬಳಿ ವ್ಯಾಸಂಗ ಮಾಡಿದರು. 1930ರ ದಶಕದ ಆರಂಭದಲ್ಲಿ ಸ್ವಂತ ಕಚೇರಿ ತೆರೆದು ಅಂಗಡಿಗಳ ಮುಂಭಾಗ ಹಾಗೂ ಮನೆಗಳ ಒಳಾಂಗಣಗಳ ವಿನ್ಯಾಸದಲ್ಲಿ ಹೆಸರು ಗಳಿಸಿದರು. ಸಮಾಜವಾದಿ ವಿಚಾರಗಳತ್ತ ಒಲವಿದ್ದ ಇವರು ಸಂಜೆಯ ವೇಳೆ ರಾಜಕೀಯ ವಿಡಂಬನೆಯ ರಂಗತಂಡಗಳಲ್ಲಿ ನಟಿಸುತ್ತಲೂ ಬರೆಯುತ್ತಲೂ ಇದ್ದರು.

ಅಮೆರಿಕಕ್ಕೆ ವಲಸೆ

1938ರ ಮಾರ್ಚ್‌ನಲ್ಲಿ ನಾಜಿ ಜರ್ಮನಿ ಆಸ್ಟ್ರಿಯಾವನ್ನು ವಶಪಡಿಸಿಕೊಂಡಿತು. ಯಹೂದಿಯೂ ಸಮಾಜವಾದಿಯೂ ನಾಜಿಗಳನ್ನು ರಂಗದ ಮೇಲೆ ಲೇವಡಿ ಮಾಡಿದವರೂ ಆಗಿದ್ದ ವಿಕ್ಟರ್ ಅವರಿಗೆ ಹುಟ್ಟೂರಿನಲ್ಲಿ ಉಳಿಯುವುದು ಪ್ರಾಣಾಪಾಯಕರವಾಯಿತು. ಅದೇ ವರ್ಷ ಇವರು ದೇಶ ತೊರೆದು ನ್ಯೂಯಾರ್ಕ್ ತಲುಪಿದರು. ಆಗ ಇವರ ಜೇಬಿನಲ್ಲಿ ಎಂಟು ಡಾಲರ್ ಮಾತ್ರ ಇತ್ತು, ಇಂಗ್ಲಿಷ್ ಬರುತ್ತಿರಲಿಲ್ಲ ಎಂಬ ಸಂಗತಿ ಇವರ ಜೀವನಚರಿತ್ರೆಗಳಲ್ಲೆಲ್ಲ ಬರುತ್ತದೆ.

ಆರಂಭದಲ್ಲಿ 1939ರ ನ್ಯೂಯಾರ್ಕ್ ವಿಶ್ವ ಮೇಳದ ಸಿದ್ಧತೆಯಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯ ಫ್ಯೂಚರಾಮಾ ಪ್ರದರ್ಶನಕ್ಕಾಗಿ ನಕ್ಷೆಗಾರರಾಗಿ ದುಡಿದರು. ಹೆದ್ದಾರಿಗಳೂ ಕಾರುಗಳೂ ಆಳುವ ಭವಿಷ್ಯದ ನಗರವನ್ನು ಆ ಪ್ರದರ್ಶನ ಜನರ ಮುಂದಿಟ್ಟಿತು. ಅದೇ ಬಗೆಯ ನಗರವನ್ನು ಇವರು ಮುಂದೆ ಕಟುವಾಗಿ ವಿರೋಧಿಸಿದರು. ವಿಯೆನ್ನಾದಿಂದ ಬಂದ ನಿರಾಶ್ರಿತ ಕಲಾವಿದರನ್ನು ಒಗ್ಗೂಡಿಸಿ ರಂಗತಂಡವನ್ನು ಕಟ್ಟಿದರು. 1939ರಲ್ಲಿ ಆ ತಂಡ ಬ್ರಾಡ್‌ವೇಯಲ್ಲಿ ಪ್ರದರ್ಶನ ನೀಡಿತು.

ಅದೇ ವರ್ಷ ನ್ಯೂಯಾರ್ಕ್‌ನ ಫಿಫ್ತ್ ಅವೆನ್ಯೂದಲ್ಲಿ ಲೆಡರರ್ ಎಂಬ ಚರ್ಮದ ಸರಕುಗಳ ಅಂಗಡಿಗೆ ಇವರು ಮಾಡಿದ ವಿನ್ಯಾಸ ವಾಸ್ತುಶಿಲ್ಪ ವಲಯದ ಗಮನ ಸೆಳೆಯಿತು. ಅಂಗಡಿಯ ಬಾಗಿಲನ್ನು ಬೀದಿಯಂಚಿನಿಂದ ಹಿಂದಕ್ಕೆ ಸರಿಸಿ, ಮುಂದೆ ಸಣ್ಣ ಮೊಗಸಾಲೆಯಂತಹ ಜಾಗವನ್ನು ಬಿಟ್ಟು, ಅಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಸರಕುಗಳನ್ನು ಜೋಡಿಸಿದ್ದರು. ಕಾಲುದಾರಿಯ ನೂಕುನುಗ್ಗಲಿನಿಂದ ಪಕ್ಕಕ್ಕೆ ಸರಿದು ನಿಂತು ನೋಡಲು ದಾರಿಹೋಕರಿಗೆ ಇದರಿಂದ ಸ್ಥಳ ದೊರೆಯಿತು. ನಡೆಯುವ ಮನುಷ್ಯನ ವೇಗ ಮತ್ತು ನೋಟಕ್ಕೆ ತಕ್ಕಂತೆ ಕಟ್ಟಡ ಇರಬೇಕೆಂಬ ಇವರ ತತ್ತ್ವದ ಮೊದಲ ರೂಪ ಈ ಸಣ್ಣ ಅಂಗಡಿಯಲ್ಲಿ ಕಾಣುತ್ತದೆ.

ವಿನ್ಯಾಸಕಿ ಎಲ್ಸಿ ಕ್ರುಮೆಕ್ ಅವರನ್ನು ವಿವಾಹವಾಗಿ 1941ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದರು. ಅಮೆರಿಕದ ಪೌರತ್ವ ಪಡೆದು, ಹೆಸರನ್ನು ಗ್ರೂಯೆನ್ ಎಂದು ಬದಲಾಯಿಸಿಕೊಂಡರು. 1951ರಲ್ಲಿ ಹಲವು ಸಹೋದ್ಯೋಗಿಗಳೊಡನೆ ವಿಕ್ಟರ್ ಗ್ರೂಯೆನ್ ಅಸೋಸಿಯೇಟ್ಸ್ ಸಂಸ್ಥೆಯನ್ನು ಸ್ಥಾಪಿಸಿದರು.

ಶಾಪಿಂಗ್ ಮಾಲ್‌ನ ಉಗಮ

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಮಧ್ಯಮ ವರ್ಗದ ಕುಟುಂಬಗಳು ಲಕ್ಷಗಟ್ಟಲೆ ಸಂಖ್ಯೆಯಲ್ಲಿ ನಗರಗಳನ್ನು ಬಿಟ್ಟು ಉಪನಗರಗಳಿಗೆ ಹೋದವು. ಅಲ್ಲಿ ಮನೆಗಳಿದ್ದವು, ರಸ್ತೆಗಳಿದ್ದವು. ಆದರೆ ಜನ ಕಲೆಯುವ ಪೇಟೆಯಾಗಲಿ ಚೌಕವಾಗಲಿ ಇರಲಿಲ್ಲ. ಹಾಲು ತರಬೇಕಾದರೂ ಕಾರು ಹತ್ತಬೇಕಾಗಿತ್ತು. ಈ ಕೊರತೆಯನ್ನು ತುಂಬಲು ಉಪನಗರಕ್ಕೆ ಹೊಸ ಕೇಂದ್ರವನ್ನು ಕಟ್ಟಿಕೊಡಬೇಕೆಂದು ಗ್ರೂಯೆನ್ ಯೋಚಿಸಿದರು. ಕಾರುಗಳು ಹೊರಗೆ ನಿಲ್ಲಬೇಕು, ಒಳಗೆ ಜನ ನಿರ್ಭಯವಾಗಿ ನಡೆದಾಡಬೇಕು ಎಂಬುದು ಅದರ ಮೂಲ ಸೂತ್ರವಾಗಿತ್ತು.

ಡೆಟ್ರಾಯಿಟ್ ನಗರದ ಹಡ್ಸನ್ಸ್ ಮಳಿಗೆಗಾಗಿ ಇವರು ರೂಪಿಸಿದ ನಾರ್ತ್‌ಲ್ಯಾಂಡ್ ಸೆಂಟರ್ 1954ರಲ್ಲಿ ಆರಂಭವಾಯಿತು. ದೊಡ್ಡ ಮಳಿಗೆಯೊಂದರ ಸುತ್ತ ಅಂಗಡಿಗಳ ಗುಂಪು, ಅವುಗಳ ನಡುವೆ ಮರ, ಶಿಲ್ಪ ಮತ್ತು ಕಾರಂಜಿಗಳಿದ್ದ ತೆರೆದ ಅಂಗಳಗಳು, ಎಲ್ಲದರ ಹೊರಗೆ ವಾಹನ ನಿಲುಗಡೆ ಎಂಬ ಕ್ರಮದಲ್ಲಿ ಅದನ್ನು ಕಟ್ಟಲಾಗಿತ್ತು.

ಮಿನೆಸೋಟ ರಾಜ್ಯದ ಈಡೈನಾದಲ್ಲಿ 1956ರ ಅಕ್ಟೋಬರ್ 8ರಂದು ತೆರೆದ ಸೌತ್‌ಡೇಲ್ ಸೆಂಟರ್ ಇನ್ನೂ ಮುಂದಿನ ಹೆಜ್ಜೆ. ಮೈಕೊರೆಯುವ ಚಳಿಗಾಲದ ಆ ಪ್ರದೇಶದಲ್ಲಿ ತೆರೆದ ಅಂಗಳ ವರ್ಷದ ಬಹುಭಾಗ ಉಪಯೋಗಕ್ಕೆ ಬಾರದು ಎಂಬ ಕಾರಣದಿಂದ ಇಡೀ ಕೇಂದ್ರವನ್ನು ಒಂದೇ ಸೂರಿನಡಿ ತಂದು ಒಳಗಿನ ಉಷ್ಣಾಂಶವನ್ನು ವರ್ಷವಿಡೀ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಲಾಯಿತು. ಎರಡು ಅಂತಸ್ತುಗಳಲ್ಲಿ 72 ಅಂಗಡಿಗಳು, ನಡುವೆ ಗಿಡಮರಗಳೂ ಕಾಫಿ ಮೇಜುಗಳೂ ಇದ್ದ ವಿಶಾಲ ಅಂಗಳ, ಹೊರಗೆ ಸಾವಿರಾರು ಕಾರುಗಳಿಗೆ ಜಾಗ. ಅಮೆರಿಕದ ಪ್ರಥಮ ಸಂಪೂರ್ಣ ಮುಚ್ಚಿದ ಹವಾನಿಯಂತ್ರಿತ ಪ್ರಾದೇಶಿಕ ಶಾಪಿಂಗ್ ಮಾಲ್ ಎಂದು ಇದು ಖ್ಯಾತವಾಯಿತು.

ಗ್ರೂಯೆನ್ ಅವರ ಮೂಲ ಯೋಜನೆಯಲ್ಲಿ ಅಂಗಡಿಗಳ ಸುತ್ತ ಮನೆಗಳು, ಶಾಲೆಗಳು, ಆಸ್ಪತ್ರೆ, ಉದ್ಯಾನ ಮತ್ತು ಕೆರೆ ಇದ್ದವು. ಆ ಯೋಜನೆ ಇವರು ಬಯಸಿದ ರೂಪದಲ್ಲಿ ಕೈಗೂಡಲಿಲ್ಲ. ಮಾಲ್ ಎದ್ದು ನಿಂತಿತು. ಅದಕ್ಕೆ ಅರ್ಥ ಕೊಡಬೇಕಾಗಿದ್ದ ಊರು ಎದ್ದು ನಿಲ್ಲಲಿಲ್ಲ. 1954ರ ತೆರಿಗೆ ಕಾನೂನು ಹೊಸ ವಾಣಿಜ್ಯ ಕಟ್ಟಡಗಳ ಸವಕಳಿಯನ್ನು ಬೇಗನೆ ಲೆಕ್ಕಕ್ಕೆ ತೋರಿಸಲು ಅವಕಾಶ ಕೊಟ್ಟಿದ್ದರಿಂದ ಹೂಡಿಕೆದಾರರಿಗೆ ಮಾಲ್ ನಿರ್ಮಾಣ ಲಾಭದ ಉದ್ಯಮವಾಯಿತು. ಸೌತ್‌ಡೇಲ್‌ನ ಅನುಕರಣೆಗಳು ದೇಶದ ತುಂಬ ಹಬ್ಬಿದವು. ಗಿರಾಕಿಗಳು ಮಾಲ್‌ಗಳತ್ತ ಹೊರಳಿದಂತೆ ನಗರಗಳ ಹಳೆಯ ಪೇಟೆಬೀದಿಗಳು ಕಳೆಗುಂದಿದವು.

ಫೋರ್ಟ್ ವರ್ತ್ ಯೋಜನೆ

ಉಪನಗರದಲ್ಲಿ ಕಲಿತ ಪಾಠವನ್ನು ನಗರದ ನಡುವಿಗೆ ತರುವ ಪ್ರಯತ್ನವನ್ನು ಗ್ರೂಯೆನ್ ಸೌತ್‌ಡೇಲ್ ತೆರೆದ ವರ್ಷವೇ ಕೈಗೊಂಡರು. ಟೆಕ್ಸಾಸ್ ರಾಜ್ಯದ ಫೋರ್ಟ್ ವರ್ತ್ ನಗರಕ್ಕಾಗಿ, ಅಲ್ಲಿನ ವಿದ್ಯುತ್ ಕಂಪನಿಯ ಮುಖ್ಯಸ್ಥರಾಗಿದ್ದ ಜೆ. ಬಿ. ಥಾಮಸ್ ಅವರ ಕೋರಿಕೆಯಂತೆ 1956ರಲ್ಲಿ ಸಿದ್ಧಪಡಿಸಿದ ಯೋಜನೆ ಇವರ ಚಿಂತನೆಯ ಪೂರ್ಣ ರೂಪವಾಗಿದೆ. ಅದರ ಮುಖ್ಯಾಂಶಗಳು ಹೀಗಿದ್ದವು:

• ನಗರ ಕೇಂದ್ರದ ಸುತ್ತ ವರ್ತುಲ ರಸ್ತೆಯನ್ನು ನಿರ್ಮಿಸಿ, ಹಾದುಹೋಗುವ ವಾಹನಗಳನ್ನು ಹೊರಗೇ ಸಾಗಿಸುವುದು.
• ವರ್ತುಲ ರಸ್ತೆಗೆ ಹೊಂದಿಕೊಂಡಂತೆ ಆರು ಬೃಹತ್ ನಿಲುಗಡೆ ಕಟ್ಟಡಗಳಲ್ಲಿ ಒಟ್ಟು 60,000 ಕಾರುಗಳಿಗೆ ಸ್ಥಳ ಒದಗಿಸುವುದು.
• ಈ ಕಟ್ಟಡಗಳಿಂದ ಕೇಂದ್ರದ ಎಲ್ಲ ಕಡೆಗೂ ಕೆಲವೇ ನಿಮಿಷಗಳಲ್ಲಿ ನಡೆದು ತಲುಪುವಂತೆ ಮಾಡುವುದು.
• ಅಂಗಡಿಗಳಿಗೆ ಸರಕು ತರುವ ಲಾರಿಗಳಿಗೆ ನೆಲದಡಿಯ ಸುರಂಗಗಳನ್ನು ಕಲ್ಪಿಸುವುದು.
• ಮೇಲಿನ ಬೀದಿಗಳನ್ನೆಲ್ಲ ಪಾದಚಾರಿಗಳಿಗೆ ಬಿಟ್ಟು, ನಡೆಯಲಾರದವರಿಗೆ ಸಣ್ಣ ವಿದ್ಯುತ್ ಬಂಡಿಗಳನ್ನು ಒದಗಿಸುವುದು.

ಕಾರುಗಳು ಹೋದ ಮೇಲೆ ಬೀದಿ ಖಾಲಿ ಮೈದಾನವಾಗದಂತೆ ಗೂಡಂಗಡಿ, ಹೊರಾಂಗಣ ಕಾಫಿ ಹೌಸ್, ವಾದ್ಯವೇದಿಕೆ, ಬಾವುಟ ಮುಂತಾದವುಗಳಿಂದ ಅದನ್ನು ತುಂಬಬೇಕೆಂದೂ ಯೋಜನೆ ಸೂಚಿಸಿತ್ತು. ನಗರ ಯೋಜಕರ ಕಟು ವಿಮರ್ಶಕಿಯಾಗಿದ್ದ ಲೇಖಕಿ ಜೇನ್ ಜೇಕಬ್ಸ್ 1958ರ ಲೇಖನವೊಂದರಲ್ಲಿ ಈ ಅಂಶವನ್ನೇ ಎತ್ತಿ ಹೇಳಿ ಮೆಚ್ಚಿಕೊಂಡರು. ಇದರ ತಿರುಳನ್ನು ಗ್ರಹಿಸದೆ ಬರಿಯ ಒಂದೆರಡು ಬೀದಿಗಳಿಗೆ ತಡೆ ಹಾಕುವ ಅನುಕರಣೆಗಳ ಬಗ್ಗೆ ಅವರು ಎಚ್ಚರಿಸಿದ್ದರು.

ನಿಲುಗಡೆ ಕಟ್ಟಡಗಳಿಗಾಗಿ ನಗರಾಡಳಿತವು ಭೂಮಿಯನ್ನು ವಶಪಡಿಸಿಕೊಳ್ಳಲು ಬೇಕಾಗಿದ್ದ ಕಾನೂನಿಗೆ ಟೆಕ್ಸಾಸ್ ಶಾಸನಸಭೆಯ ಒಪ್ಪಿಗೆ ದೊರೆಯಲಿಲ್ಲ. ಖಾಸಗಿ ನಿಲುಗಡೆ ಕಟ್ಟಡಗಳ ಮಾಲೀಕರ ವಿರೋಧವೂ ಇತ್ತು. ಕೊನೆಗೆ ಯೋಜನೆ ಕಾಗದದ ಮೇಲೆಯೇ ಉಳಿಯಿತು. ಹಾಗಿದ್ದರೂ ಅಮೆರಿಕ ಮತ್ತು ಯುರೋಪಿನ ನಗರ ಯೋಜಕರು ಅದನ್ನು ವ್ಯಾಪಕವಾಗಿ ಅಧ್ಯಯನ ಮಾಡಿದರು.

ಕಲಮಝೂ ಮತ್ತು ಫ್ರೆಸ್ನೊ

ಮಿಷಿಗನ್ ರಾಜ್ಯದ ಕಲಮಝೂ ನಗರಕ್ಕೂ ಗ್ರೂಯೆನ್ ಇಂತಹದೇ ಯೋಜನೆಯೊಂದನ್ನು 1958ರಲ್ಲಿ ನೀಡಿದರು. ನಗರವು ಅದರಲ್ಲಿ ಒಂದು ಭಾಗವನ್ನು ಮಾತ್ರ ಎತ್ತಿಕೊಂಡಿತು. ಬರ್ಡಿಕ್ ಬೀದಿಯ ಎರಡು ವಿಭಾಗಗಳಿಂದ ವಾಹನಗಳನ್ನು ತೆಗೆದು, ಹುಲ್ಲು, ಗಿಡ, ಆಸನಗಳನ್ನು ಅಳವಡಿಸಿ 1959ರ ಆಗಸ್ಟ್ 19ರಂದು ಸಾರ್ವಜನಿಕರಿಗೆ ತೆರೆಯಲಾಯಿತು. ಅಮೆರಿಕದ ನಗರ ಕೇಂದ್ರವೊಂದರಲ್ಲಿ ರೂಪುಗೊಂಡ ಪ್ರಥಮ ಪಾದಚಾರಿ ಬೀದಿಯೆಂದು ಇದನ್ನು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಆದರೆ ಗ್ರೂಯೆನ್ ಸೂಚಿಸಿದ್ದ ವರ್ತುಲ ರಸ್ತೆ ನಿರ್ಮಾಣವಾಗಲಿಲ್ಲ. ಮುಂದೆ ಬೀದಿಯನ್ನು ಇನ್ನಷ್ಟು ವಿಸ್ತರಿಸಲಾಯಿತಾದರೂ 1998ರಲ್ಲಿ ಅದರ ಒಂದು ಭಾಗಕ್ಕೆ ಮತ್ತೆ ವಾಹನಗಳನ್ನು ಬಿಡಲಾಯಿತು.

ಕ್ಯಾಲಿಫೋರ್ನಿಯಾದ ಫ್ರೆಸ್ನೊ ನಗರದ ಫುಲ್ಟನ್ ಬೀದಿಯನ್ನು ಇದೇ ರೀತಿ 1964ರಲ್ಲಿ ಪಾದಚಾರಿ ಬೀದಿಯಾಗಿ ಪರಿವರ್ತಿಸಲಾಯಿತು. ಇದರ ಭೂದೃಶ್ಯ ವಿನ್ಯಾಸವನ್ನು ಗ್ಯಾರೆಟ್ ಎಕ್‌ಬೊ ಮಾಡಿದರು. ಆರು ವಿಭಾಗಗಳ ಉದ್ದಕ್ಕೂ ಕಾರಂಜಿಗಳು, ಶಿಲ್ಪಗಳು, ನೆರಳಿನ ಮರಗಳು ಇದ್ದ ಈ ಬೀದಿ ಆರಂಭದ ವರ್ಷಗಳಲ್ಲಿ ಜನರಿಂದ ತುಂಬಿರುತ್ತಿತ್ತು. ಆದರೆ ನಗರ ಹೊರವಲಯದತ್ತ ಹರಡಿ, ಅಲ್ಲಿ ಹೊಸ ಮಾಲ್‌ಗಳು ತಲೆಯೆತ್ತಿದಂತೆ ದೊಡ್ಡ ಮಳಿಗೆಗಳು ಫುಲ್ಟನ್ ಬೀದಿಯನ್ನು ತೊರೆದವು. 2017ರಲ್ಲಿ ಅಲ್ಲಿ ವಾಹನ ಸಂಚಾರ ಪುನಃ ಆರಂಭವಾಯಿತು.

ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದ ನಡುವೆ 1962ರಲ್ಲಿ ಆರಂಭವಾದ ಮಿಡ್‌ಟೌನ್ ಪ್ಲಾಜಾ ಇವರ ಇನ್ನೊಂದು ಪ್ರಯೋಗ. ಅಂಗಡಿ, ಕಚೇರಿ, ಹೋಟೆಲ್ ಮತ್ತು ನೆಲದಡಿಯ ವಾಹನ ನಿಲುಗಡೆಯನ್ನು ಒಂದೇ ಸಂಕೀರ್ಣದಲ್ಲಿ ಇದು ಬೆಸೆದಿತ್ತು. 2008ರಲ್ಲಿ ಮುಚ್ಚಿದ ಇದನ್ನು ಮುಂದೆ ಕೆಡವಲಾಯಿತು.

ಅಮೆರಿಕದಲ್ಲಿ 1960 ಮತ್ತು 1970ರ ದಶಕಗಳಲ್ಲಿ ಸುಮಾರು 200 ನಗರಗಳು ಪಾದಚಾರಿ ಬೀದಿಗಳನ್ನು ರಚಿಸಿದವು. ಅವುಗಳಲ್ಲಿ ಬಹುಪಾಲು ಇಂದು ಉಳಿದಿಲ್ಲ. ಸುತ್ತಮುತ್ತ ವಾಸದ ಮನೆಗಳ ಕೊರತೆ, ದುರ್ಬಲ ಸಾರ್ವಜನಿಕ ಸಾರಿಗೆ ಹಾಗೂ ಹೊರವಲಯದ ಮಾಲ್‌ಗಳ ಪೈಪೋಟಿ ಇದಕ್ಕೆ ಮುಖ್ಯ ಕಾರಣಗಳೆಂದು ವಿದ್ವಾಂಸರು ಗುರುತಿಸುತ್ತಾರೆ. ಅಂಗಡಿಗಳು ಮುಚ್ಚಿದ ಮೇಲೆ ಸಂಜೆ ಅಲ್ಲಿ ನಡೆಯುವವರೇ ಇರುತ್ತಿರಲಿಲ್ಲ.

ವಿಯೆನ್ನಾಕ್ಕೆ ಮರಳಿಕೆ

1968ರಲ್ಲಿ ಗ್ರೂಯೆನ್ ತಮ್ಮ ಸಂಸ್ಥೆಯಿಂದ ನಿವೃತ್ತರಾಗಿ, ಮೂವತ್ತು ವರ್ಷಗಳ ಹಿಂದೆ ಬಿಟ್ಟುಹೋಗಿದ್ದ ವಿಯೆನ್ನಾಕ್ಕೆ ಮರಳಿದರು. ಇವರು ಬಾಲ್ಯದಲ್ಲಿ ನಡೆದಾಡಿದ್ದ ಬೀದಿಗಳು ಆ ವೇಳೆಗೆ ಕಾರುಗಳಿಂದ ಕಿಕ್ಕಿರಿದಿದ್ದವು. ಮಧ್ಯಯುಗದ ಇಕ್ಕಟ್ಟಾದ ಓಣಿಗಳು ವಾಹನ ನಿಲುಗಡೆಯ ಜಾಗಗಳಾಗಿದ್ದವು.

ನಗರಾಡಳಿತದ ಕೋರಿಕೆಯ ಮೇರೆಗೆ ಇವರು ಹಳೆಯ ನಗರ ಕೇಂದ್ರದ ಪುನಶ್ಚೇತನಕ್ಕೆ ಯೋಜನೆ ರೂಪಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಕೋಟೆ ಗೋಡೆಗಳನ್ನು ಕೆಡವಿ ನಿರ್ಮಿಸಿದ್ದ ರಿಂಗ್‌ಸ್ಟ್ರಾಸೆ ಎಂಬ ವರ್ತುಲ ಬೀದಿ ವಿಯೆನ್ನಾದಲ್ಲಿ ಮೊದಲೇ ಇತ್ತು. ಫೋರ್ಟ್ ವರ್ತ್‌ನಲ್ಲಿ ಹೊಸದಾಗಿ ಕಟ್ಟಬೇಕಾಗಿದ್ದುದು ಇಲ್ಲಿ ಸಿದ್ಧವಾಗಿತ್ತು. ಈ ವರ್ತುಲದ ಒಳಗೆ ಹಾದುಹೋಗುವ ವಾಹನಗಳನ್ನು ತಡೆಯುವುದು, ಅಂಚಿನಲ್ಲಿ ನಿಲುಗಡೆ ಕಲ್ಪಿಸುವುದು, ಒಳಗಿನ ಓಡಾಟಕ್ಕೆ ಸಣ್ಣ ಬಸ್ಸುಗಳನ್ನು ಬಿಡುವುದು, ಹಂತಹಂತವಾಗಿ ಬೀದಿಗಳನ್ನು ಪಾದಚಾರಿಗಳಿಗೆ ಒಪ್ಪಿಸುವುದು ಇವರ ಸಲಹೆಗಳಾಗಿದ್ದವು. ಕೇಂದ್ರದಲ್ಲಿ ಅಂಗಡಿಗಳು ಮಾತ್ರವಲ್ಲದೆ ವಾಸದ ಮನೆಗಳೂ ಉಳಿಯಬೇಕೆಂಬುದನ್ನು ಇವರು ಒತ್ತಿ ಹೇಳಿದರು.

1969ರಲ್ಲಿ ವಿಯೆನ್ನಾದ ಮೆಟ್ರೊ ರೈಲಿನ ಕಾಮಗಾರಿ ಆರಂಭವಾಗಿದ್ದರಿಂದ ಬೀದಿಗಳನ್ನು ಹೇಗೂ ಅಗೆಯಬೇಕಾಗಿತ್ತು. ಬದಲಾವಣೆಗೆ ಇದೊಂದು ಅವಕಾಶವಾಯಿತು. 1971ರ ಕೊನೆಯಲ್ಲಿ ಗ್ರಾಬೆನ್ ಬೀದಿಯಲ್ಲಿ ಪ್ರಾಯೋಗಿಕವಾಗಿ ವಾಹನಗಳನ್ನು ನಿಲ್ಲಿಸಲಾಯಿತು. 1974ರಲ್ಲಿ ನಗರದ ಪ್ರಮುಖ ವ್ಯಾಪಾರ ಬೀದಿಯಾದ ಕೆರ್ನ್ಟ್‌ನರ್ ಸ್ಟ್ರಾಸೆ ಪಾದಚಾರಿ ಬೀದಿಯಾಯಿತು. 1978ರಲ್ಲಿ ಸಂತ ಸ್ಟೀಫನ್ ಕೆಥೆಡ್ರಲ್‌ನ ಮುಂದಿನ ಚೌಕದ ಅಡಿಯಲ್ಲಿ ಮೆಟ್ರೊ ನಿಲ್ದಾಣ ತೆರೆಯಿತು. ಕಾರಿಲ್ಲದೆಯೂ ಕೇಂದ್ರಕ್ಕೆ ಬರುವುದು ಸುಲಭವಾದುದರಿಂದ ಪಾದಚಾರಿ ಬೀದಿಗಳು ಇಲ್ಲಿ ನೆಲೆಯೂರಿದವು. ಗ್ರೂಯೆನ್ ಅವರ ಯೋಜನೆಯ ಎಲ್ಲ ಅಂಶಗಳೂ ಜಾರಿಗೆ ಬರಲಿಲ್ಲವಾದರೂ ಇವರ ಚಿಂತನೆ ದೀರ್ಘಕಾಲ ಬಾಳಿದ್ದು ಹುಟ್ಟೂರಿನಲ್ಲಿಯೇ.

ಮಾಲ್‌ಗಳ ನಿರಾಕರಣೆ ಮತ್ತು ಕೊನೆಯ ದಿನಗಳು

ಗ್ರೂಯೆನ್ ಅವರು ಹಳೆಯ ನಗರವನ್ನು ಉಳಿಸುವ ಕೆಲಸದಲ್ಲಿ ತೊಡಗಿದ್ದಾಗಲೇ ವಿಯೆನ್ನಾದ ದಕ್ಷಿಣ ಅಂಚಿನಲ್ಲಿ ಶಾಪಿಂಗ್ ಸಿಟಿ ಸ್ಯೂಡ್ ಎಂಬ ಬೃಹತ್ ಮಾಲ್ ನಿರ್ಮಾಣವಾಗಿ 1976ರಲ್ಲಿ ಆರಂಭವಾಯಿತು. ಅಮೆರಿಕದಲ್ಲಿ ಇವರು ಬಿತ್ತಿದ್ದ ಬೀಜ ಹೀಗೆ ಇವರ ಮನೆಬಾಗಿಲಿಗೇ ಬಂದು ಮೊಳೆಯಿತು. ನಗರ ಕೇಂದ್ರದ ಸಣ್ಣ ವ್ಯಾಪಾರಿಗಳಿಗೆ ಇದರಿಂದಾಗುವ ಹಾನಿಯನ್ನು ಕಂಡು ಇವರು ಬಹಳ ನೊಂದರು.

1973ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಒಂದೇ ಉದ್ದೇಶಕ್ಕೆ ಮೀಸಲಾದ ಕೇಂದ್ರಗಳನ್ನು ಇವರು ಖಂಡಿಸಿ, ವಾಸ, ದುಡಿಮೆ, ವ್ಯಾಪಾರ, ವಿರಾಮಗಳು ಬೆರೆತಿರುವ ಕೇಂದ್ರಗಳನ್ನು ಪ್ರತಿಪಾದಿಸಿದ್ದರು. 1978ರಲ್ಲಿ ಲಂಡನ್‌ನಲ್ಲಿ ಮಾಡಿದ ಭಾಷಣದಲ್ಲಿ, ತಮ್ಮ ಆಶಯಗಳನ್ನು ಕೈಬಿಟ್ಟು ಲಾಭವನ್ನೇ ಗುರಿಯಾಗಿಸಿಕೊಂಡ ಮಾಲ್‌ಗಳಿಗೆ ತಾವು ಪಿತೃಗಳಲ್ಲವೆಂದು ಬಹಿರಂಗವಾಗಿ ನಿರಾಕರಿಸಿದರು. ಪರಿಸರ ಮತ್ತು ನಗರ ಯೋಜನೆಯ ಅಧ್ಯಯನಕ್ಕಾಗಿ ಲಾಸ್ ಏಂಜಲೀಸ್ ಮತ್ತು ವಿಯೆನ್ನಾಗಳಲ್ಲಿ ಸಂಸ್ಥೆಗಳನ್ನು ಸ್ಥಾಪಿಸಿದ್ದ ಇವರು ಕೊನೆಯವರೆಗೂ ಬರವಣಿಗೆ ಮತ್ತು ಉಪನ್ಯಾಸಗಳಲ್ಲಿ ನಿರತರಾಗಿದ್ದರು. 1980ರ ಫೆಬ್ರವರಿ 14ರಂದು ವಿಯೆನ್ನಾದಲ್ಲಿ ನಿಧನರಾದರು.

ವಿಮರ್ಶೆ

ಗ್ರೂಯೆನ್ ಅವರ ಕೆಲಸದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಮಾಲ್‌ಗಳು ಹಾದಿ ತಪ್ಪಿದ್ದಕ್ಕೆ ಹೂಡಿಕೆದಾರರನ್ನು ಮಾತ್ರ ಹೊಣೆ ಮಾಡುವುದು ಸರಿಯಲ್ಲ, ನಗರದಿಂದ ದೂರದಲ್ಲಿ ಕಾರನ್ನೇ ನಂಬಿ ಕಟ್ಟಿದ ಕೇಂದ್ರದ ಪರಿಣಾಮವನ್ನು ಇವರು ಮೊದಲೇ ಊಹಿಸಬೇಕಾಗಿತ್ತು ಎಂಬುದು ಒಂದು ವಾದ. ಬಾಸ್ಟನ್ ನಗರದ ವೆಸ್ಟ್ ಎಂಡ್ ಬಡಾವಣೆಯನ್ನು ಕೆಡವಿ ಸಾವಿರಾರು ನಿವಾಸಿಗಳನ್ನು ತೆರವುಗೊಳಿಸಿದ ಜಾಗದಲ್ಲಿ ನಿರ್ಮಾಣವಾದ ಚಾರ್ಲ್ಸ್ ರಿವರ್ ಪಾರ್ಕ್ ವಸತಿ ಸಂಕೀರ್ಣವನ್ನು ವಿನ್ಯಾಸಗೊಳಿಸಿದ್ದು ಇವರ ಸಂಸ್ಥೆಯೇ. ಕಾರುಗಳನ್ನು ಕೇಂದ್ರದಿಂದ ಹೊರಗಿಟ್ಟರೂ ಅವುಗಳಿಗಾಗಿ ವಿಶಾಲ ವರ್ತುಲ ರಸ್ತೆಗಳನ್ನೂ ನಿಲುಗಡೆ ಕಟ್ಟಡಗಳನ್ನೂ ಇವರ ಯೋಜನೆಗಳು ಬೇಡುತ್ತಿದ್ದವು ಎಂಬ ಆಕ್ಷೇಪವೂ ಇದೆ.

ಅಂಗಡಿಗಳ ಆಕರ್ಷಣೆಗೆ ಸಿಲುಕಿದ ಗ್ರಾಹಕ ತಾನು ಕೊಳ್ಳಲು ಬಂದ ವಸ್ತುವನ್ನು ಮರೆತು ಕಂಡದ್ದನ್ನೆಲ್ಲ ಕೊಳ್ಳತೊಡಗುವ ಸ್ಥಿತಿಗೆ ವಾಣಿಜ್ಯ ವಲಯದಲ್ಲಿ ಗ್ರೂಯೆನ್ ಟ್ರಾನ್ಸ್‌ಫರ್ ಎಂಬ ಹೆಸರಿದೆ. ಗಿರಾಕಿಯನ್ನು ಬೇಕೆಂದೇ ಗೊಂದಲಕ್ಕೆ ಒಳಪಡಿಸುವ ಇಂತಹ ತಂತ್ರಗಳನ್ನು ಗ್ರೂಯೆನ್ ಒಪ್ಪುತ್ತಿರಲಿಲ್ಲ.

ಪ್ರಭಾವ

ಪಾದಚಾರಿ ಬೀದಿಯ ಕಲ್ಪನೆ ಗ್ರೂಯೆನ್ ಒಬ್ಬರದೇ ಅಲ್ಲ. ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್ ನಗರದಲ್ಲಿ ಲೈನ್‌ಬಾನ್ ಬೀದಿ 1953ರಲ್ಲಿಯೇ ತೆರೆದಿತ್ತು. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಸ್ಟ್ರಾಯ್ ಬೀದಿಯನ್ನು 1962ರಲ್ಲಿ ವಾಹನಮುಕ್ತಗೊಳಿಸಲಾಯಿತು. ಆದರೆ ಬೀದಿಯೊಂದನ್ನು ಮುಚ್ಚಿದರೆ ಸಾಲದು, ವಾಹನಗಳ ದಾರಿ, ನಿಲುಗಡೆ, ಸರಕು ಸಾಗಣೆ, ಸಾರ್ವಜನಿಕ ಸಾರಿಗೆ ಮತ್ತು ವಸತಿಯನ್ನು ಒಟ್ಟಾಗಿ ಯೋಜಿಸಬೇಕು ಎಂಬುದನ್ನು ಇಡೀ ನಗರ ಕೇಂದ್ರದ ಪ್ರಮಾಣದಲ್ಲಿ ವಿವರವಾಗಿ ನಿರೂಪಿಸಿದವರಲ್ಲಿ ಇವರು ಮೊದಲಿಗರು. ಕಲಮಝೂ ಮತ್ತು ಫ್ರೆಸ್ನೊಗಳ ಅನುಭವವನ್ನು ವಿಯೆನ್ನಾದ ಅನುಭವದ ಪಕ್ಕದಲ್ಲಿಟ್ಟರೆ ಈ ಮಾತಿನ ಸತ್ಯ ಸ್ಪಷ್ಟವಾಗುತ್ತದೆ.

ವಿಯೆನ್ನಾದ ಐತಿಹಾಸಿಕ ಕೇಂದ್ರವನ್ನು 2001ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ವರ್ತುಲದ ಹೊರಗಿರುವ ಮಾರಿಯಾಹಿಲ್ಫರ್ ಸ್ಟ್ರಾಸೆ ಎಂಬ ದೊಡ್ಡ ವ್ಯಾಪಾರ ಬೀದಿಯ ವಿಷಯದಲ್ಲಿ 2014ರಲ್ಲಿ ಅಲ್ಲಿನ ನಿವಾಸಿಗಳ ಅಭಿಪ್ರಾಯ ಕೇಳಲಾಯಿತು. ಅಲ್ಪ ಬಹುಮತದಿಂದ ಅವರು ಒಪ್ಪಿದ ನಂತರ ಅದರ ನಡುವಿನ ಭಾಗವೂ ಪಾದಚಾರಿಗಳಿಗೆ ದೊರೆಯಿತು.

ಪ್ರಮುಖ ಕೃತಿಗಳು

• ಶಾಪಿಂಗ್ ಟೌನ್ಸ್ ಯುಎಸ್‌ಎ (1960, ಲ್ಯಾರಿ ಸ್ಮಿತ್ ಅವರೊಂದಿಗೆ)
• ದ ಹಾರ್ಟ್ ಆಫ್ ಅವರ್ ಸಿಟೀಸ್ (1964)
• ಸೆಂಟರ್ಸ್ ಫಾರ್ ದ ಅರ್ಬನ್ ಎನ್ವಿರಾನ್‌ಮೆಂಟ್ (1973)